ಒಂದೇ ವಸ್ತು: ಯಾರಿಗೆ, ಎಷ್ಟು ಕಾಲ?

ಕಂಪ್ಯೂಟರ್ ಎಂದರೆ ವಿಜ್ಞಾನದ ವಿದ್ಯಾರ್ಥಿಗಳ ಸೊತ್ತು, ಕಲಾವಿಭಾಗದವರಿಗೆ ಅಲ್ಲೇನು ಕೆಲಸ ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿ ಇನ್ನೂ ಇದ್ದಾರೆ. ಇತಿಹಾಸದ ಜೊತೆಗೆ ಕಂಪ್ಯೂಟರ್ ವಿಷಯವನ್ನೂ ಆರಿಸಿಕೊಂಡ ನಮ್ಮಂಥ ಕೆಲವರನ್ನು ಕಂಡು ನಗುವವರೂ ಉಂಟು. ಅವರಿಗೆ ಉತ್ತರ ಕೊಡುವುದು ಈ ಲೇಖನದ ಉದ್ದೇಶವಲ್ಲ. ಈ ವರ್ಷ ನಮ್ಮ ತರಗತಿಯಲ್ಲಿ ಎದ್ದ ಒಂದು ಚರ್ಚೆಯನ್ನು ವಾಚಕರ ಮುಂದಿಟ್ಟು, ಅದರಲ್ಲಿ ನನ್ನ ಪಕ್ಷ ಯಾವುದು, ಏಕೆ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ. ಚರ್ಚೆ ಯಂತ್ರಕ್ಕೆ ಸಂಬಂಧಿಸಿದ್ದಾದರೂ ಅದರ ಫಲವನ್ನು ಉಣ್ಣುವವರು ನಾವೆಲ್ಲರೂ. ಆದುದರಿಂದ ಯಂತ್ರದ ಗೊಡವೆಯೇ ಬೇಡವೆನ್ನುವವರೂ ಸ್ವಲ್ಪ ಹೊತ್ತು ಕಿವಿಗೊಡಬೇಕೆಂದು ಬೇಡುತ್ತೇನೆ.

ಚರ್ಚೆ ಹುಟ್ಟಿದುದು ಹೀಗೆ. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಯಾವ ಪುಸ್ತಕ ಒಳಗಿದೆ, ಯಾವುದು ಹೊರಗೆ ಹೋಗಿದೆ ಎಂದು ತೋರಿಸುವ ವೆಬ್ ಪುಟವೊಂದನ್ನು ಪಿಎಚ್‌ಪಿ ಭಾಷೆಯಲ್ಲಿ ಸಿದ್ಧಪಡಿಸುವ ಕೆಲಸ ನಮ್ಮ ತರಗತಿಯ ಪಾಲಿಗೆ ಬಂತು. ಗೆಳೆಯರಲ್ಲಿ ಒಂದು ಗುಂಪಿನವರು, "ಎಲ್ಲವನ್ನೂ ಸಿಂಗಲ್‌ಟನ್ ಮಾಡಿಬಿಡೋಣ. ಒಮ್ಮೆ ಕಟ್ಟಿದರೆ ಸಾಕು, ಒಂದೇ ಇರುತ್ತದೆ, ಮುಂದೆ ಇದ್ದೇ ಇರುತ್ತದೆ" ಎಂದರು. "ಒಂದೇ ಇರುತ್ತದೆ" ಎಂಬ ಮಾತನ್ನೂ "ಇದ್ದೇ ಇರುತ್ತದೆ" ಎಂಬ ಮಾತನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ನನ್ನ ತಕರಾರು ಇರುವುದು ಇಲ್ಲಿಯೇ. ಒಂದೇ ಆಗಿರುವುದು ಒಂದು ಗುಣ, ಬಹುಕಾಲ ಉಳಿದಿರುವುದು ಇನ್ನೊಂದು ಗುಣ. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ. ಇವೆರಡನ್ನು ಬೆರೆಸಿಕೊಂಡು ವೆಬ್ ಪುಟ ಕಟ್ಟಹೊರಟರೆ, ಉಳಿಯಬೇಕಾದದ್ದು ಅಳಿಯುತ್ತದೆ. ಅಳಿಯಬೇಕಾದದ್ದು ಉಳಿದು ಪರರ ಕೈಗೆ ಸಿಕ್ಕುತ್ತದೆ.

ಮೊದಲು ಪದಗಳ ಅರ್ಥವನ್ನು ತಿಳಿದುಕೊಳ್ಳೋಣ. ಪ್ರೋಗ್ರಾಮ್ ನಡೆಯುತ್ತಿರುವಾಗ ಕಂಪ್ಯೂಟರಿನ ಸ್ಮರಣೆಯಲ್ಲಿ ರೂಪುಗೊಂಡು, ತನ್ನ ವಿವರಗಳನ್ನೂ ತನ್ನ ಕೆಲಸಗಳನ್ನೂ ತನ್ನಲ್ಲೇ ಇಟ್ಟುಕೊಂಡಿರುವ ವಸ್ತುವಿಗೆ ಆಬ್ಜೆಕ್ಟ್ ಎಂದು ಹೆಸರು. ಅದನ್ನು ಎರಕ ಹೊಯ್ಯುವ ಅಚ್ಚಿಗೆ ಕ್ಲಾಸ್ ಎನ್ನುತ್ತಾರೆ. ಒಂದು ಅಚ್ಚಿನಿಂದ ಎಷ್ಟು ವಸ್ತುಗಳನ್ನಾದರೂ ತೆಗೆಯಬಹುದು. ಆದರೆ ಕೆಲವು ವಸ್ತುಗಳು ಒಂದಕ್ಕಿಂತ ಹೆಚ್ಚಿದ್ದರೆ ಗೊಂದಲವಾಗುವುದು. ಕಾಲೇಜಿಗೆ ಇರುವುದು ಒಂದೇ ಗಂಟೆ. ಪ್ರತಿಯೊಂದು ಕೊಠಡಿಯವರೂ ತಮ್ಮ ತಮ್ಮ ಗಂಟೆ ಬಾರಿಸತೊಡಗಿದರೆ ವೇಳಾಪಟ್ಟಿಯ ಗತಿ ಏನಾದೀತು? ಹಾಗೆಯೇ ಅಚ್ಚಿನಿಂದ ಎರಡನೆಯ ವಸ್ತು ಹೊರಬರದಂತೆ ಬಿಗಿಮಾಡುವ ಕ್ರಮಕ್ಕೆ ಸಿಂಗಲ್‌ಟನ್ ಎಂದು ಹೆಸರು. ವಸ್ತುವನ್ನು ಕಟ್ಟುವ ಭಾಗವನ್ನು ಹೊರಗಿನವರು ಮುಟ್ಟದಂತೆ ಮುಚ್ಚಿ, ಕೇಳಲು ಒಂದೇ ಬಾಗಿಲನ್ನು ಇಡುತ್ತಾರೆ. ಮೊದಲ ಸಲ ಕೇಳಿದಾಗ ವಸ್ತು ಹುಟ್ಟುತ್ತದೆ. ಮುಂದೆ ಯಾರು ಕೇಳಿದರೂ ಅದೇ ವಸ್ತು ಸಿಕ್ಕುತ್ತದೆ. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸ್ಸೈಡ್ಸ್ ಎಂಬ ನಾಲ್ವರು 1994ರಲ್ಲಿ ಹೊರತಂದ 'ಡಿಸೈನ್ ಪ್ಯಾಟರ್ನ್ಸ್' ಎಂಬ ಗ್ರಂಥದ 23 ಮಾದರಿಗಳಲ್ಲಿ ಇದೂ ಒಂದು. ಕಲಿಯಲು ಸುಲಭವಾದುದರಿಂದ ವಿದ್ಯಾರ್ಥಿಗಳಿಗೆ ಇದರ ಮೇಲೆ ಮಮತೆ ಹೆಚ್ಚು.

ಇನ್ನು ವೆಬ್ಬಿನ ಸ್ವಭಾವವನ್ನು ನೋಡೋಣ. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ವೆಬ್ಬಿನ ಕಲ್ಪನೆಯನ್ನು ಮುಂದಿಟ್ಟರು. ಅದಕ್ಕಾಗಿ ರೂಪಿಸಿದ ಎಚ್‌ಟಿಟಿಪಿ ಎಂಬ ಸಂಭಾಷಣೆಯ ನಿಯಮ ಬಹಳ ಸರಳ. ಒಂದು ಪ್ರಶ್ನೆ, ಒಂದು ಉತ್ತರ, ಅಲ್ಲಿಗೆ ಮಾತು ಮುಗಿಯಿತು. ಮರುಗಳಿಗೆಯಲ್ಲಿ ಅದೇ ಮನುಷ್ಯ ಇನ್ನೊಂದು ಪ್ರಶ್ನೆ ಕೇಳಿದರೆ, ನಿಯಮದ ಮಟ್ಟಿಗೆ ಅವನು ಹೊಸಬನೇ. ಇದು ದೋಷವಲ್ಲ, ಬೇಕೆಂದೇ ಇಟ್ಟ ಗುಣ. ಹಿಂದಿನದನ್ನು ನೆನಪಿಡಬೇಕಾಗಿಲ್ಲವಾದ ಕಾರಣ ಯಾವ ಸರ್ವರ್ ಬೇಕಾದರೂ ಯಾರಿಗೆ ಬೇಕಾದರೂ ಉತ್ತರ ಕೊಡಬಹುದು. ಒಂದು ಯಂತ್ರ ಕೆಟ್ಟರೆ ಇನ್ನೊಂದು ಆ ಕೆಲಸವನ್ನು ವಹಿಸಿಕೊಳ್ಳಬಹುದು.

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅವರು ಲೋಕಕ್ಕೆ ಕೊಟ್ಟ ಪಿಎಚ್‌ಪಿ ಈ ಸ್ವಭಾವಕ್ಕೆ ತಕ್ಕ ಭಾಷೆ. ಅದರ ಸಾಮಾನ್ಯ ವ್ಯವಸ್ಥೆಯಲ್ಲಿ ಪ್ರತಿಯೊಂದು ವಿನಂತಿಗೂ ಪ್ರೋಗ್ರಾಮು ಹೊಸದಾಗಿ ಆರಂಭವಾಗಿ, ಉತ್ತರ ಹೋದೊಡನೆ ತಾನು ಕಟ್ಟಿದ ಆಬ್ಜೆಕ್ಟುಗಳನ್ನೆಲ್ಲ ಕೆಡವಿಹಾಕುತ್ತದೆ. ಹಾಗಾದರೆ ನಮ್ಮ ಸಿಂಗಲ್‌ಟನ್ ಏನಾಯಿತು? ಅದೂ ಹೋಯಿತು. ಪುಟವನ್ನು ನೋಡಿದವರ ಎಣಿಕೆಯನ್ನು ಒಂದು ಸಿಂಗಲ್‌ಟನ್ನಿನೊಳಗಿಟ್ಟು, ಪ್ರತಿ ಭೇಟಿಗೂ ಒಂದನ್ನು ಕೂಡಿಸುವಂತೆ ಬರೆದು ನೋಡಿ. ನೂರು ಜನ ಬಂದರೂ ಆ ಎಣಿಕೆ ಒಂದನ್ನು ದಾಟುವುದಿಲ್ಲ. ನೂರು ವಿನಂತಿಗಳಿಗೆ ನೂರು "ಒಂದೇ" ವಸ್ತುಗಳು ಹುಟ್ಟಿ ಸತ್ತಿರುತ್ತವೆ. ಮಾದರಿ ತನ್ನ ಮಾತಿಗೆ ತಪ್ಪಲಿಲ್ಲ. ಒಂದು ವಿನಂತಿಯೊಳಗೆ ಒಂದೇ ವಸ್ತು ಎಂದಿತ್ತು, ಹಾಗೆಯೇ ನಡೆದುಕೊಂಡಿತು. ಮುಂದೆಯೂ ಉಳಿಯುತ್ತೇನೆಂದು ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿಯಬಾರದು. ಜಾವಾ ಭಾಷೆಯ ಸರ್ವ್‌ಲೆಟ್ ವ್ಯವಸ್ಥೆಯಲ್ಲಿಯೂ, 2009ರಲ್ಲಿ ಬಂದ ನೋಡ್‌ಜೆಎಸ್‌ನಲ್ಲಿಯೂ ಪ್ರೋಗ್ರಾಮು ಒಮ್ಮೆ ಆರಂಭವಾದರೆ ದಿನಗಟ್ಟಲೆ ನಡೆಯುತ್ತಿರುತ್ತದೆ. ಅಲ್ಲಿ ಸಿಂಗಲ್‌ಟನ್ ಸಾಯುವುದಿಲ್ಲ. ಬಂದವರೆಲ್ಲರಿಗೂ ಅದೇ ವಸ್ತು. ನಮ್ಮ ಎಣಿಕೆ ಅಲ್ಲಿ ಒಂದು, ಎರಡು, ಮೂರು ಎಂದು ಏರುತ್ತದೆ. ಆದರೆ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿದೊಡನೆ ಸೊನ್ನೆಗೆ ಬರುತ್ತದೆ. ಜನ ಹೆಚ್ಚಾದರೆಂದು ನಾಲ್ಕು ಸರ್ವರುಗಳನ್ನು ಹೂಡಿದರೆ, ನಾಲ್ಕರಲ್ಲಿಯೂ ಒಂದೊಂದು ಸಿಂಗಲ್‌ಟನ್ ಕುಳಿತು ತನ್ನದೇ ಎಣಿಕೆಯನ್ನು ಸಾರುತ್ತದೆ.

ಎಣಿಕೆ ತಪ್ಪಿದರೆ ಹೆಚ್ಚಿನ ಅನರ್ಥವಿಲ್ಲ. ಆ ಒಂದೇ ವಸ್ತುವಿನೊಳಗೆ "ಈಗ ಬಂದಿರುವವರು ಯಾರು" ಎಂಬ ವಿವರವನ್ನಿಟ್ಟರೆ ನಿಜವಾದ ಅಪಾಯ ಆರಂಭವಾಗುತ್ತದೆ. ಒಬ್ಬ ವಿದ್ಯಾರ್ಥಿನಿಯ ವಿನಂತಿ ಬಂತು. ಅವಳ ಹೆಸರು ವಸ್ತುವಿನಲ್ಲಿ ಕುಳಿತಿತು. ಡೇಟಾಬೇಸಿನಿಂದ ಅವಳ ವಿವರ ಬರುವುದರೊಳಗೆ ಇನ್ನೊಬ್ಬನ ವಿನಂತಿ ಬಂತು. ಅವನ ಹೆಸರು ಅವಳ ಹೆಸರನ್ನು ಅಳಿಸಿ ಕುಳಿತಿತು. ಈಗ ಅವಳಿಗೆ ಹೋಗುವ ಉತ್ತರದಲ್ಲಿ ಅವನ ಅಂಕಪಟ್ಟಿ ಇರಬಹುದು, ಅವನ ಬ್ಯಾಂಕಿನ ಖಾತೆಯ ಸಂಖ್ಯೆ ಇರಬಹುದು. ಒಂದೇ ತಟ್ಟೆಯಲ್ಲಿ, ತೊಳೆಯದೆ, ಎಲ್ಲರಿಗೂ ಊಟ ಬಡಿಸಿದಂತಾಯಿತು.

ಇದು ಅಂಜಿಸಲು ಕಟ್ಟಿದ ಕತೆಯಲ್ಲ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಬರಹವನ್ನು ಕಾಪಿಡುವ ಗಿಟ್‌ಹಬ್ ಎಂಬ ತಾಣದಲ್ಲಿ 2021ರ ಆರಂಭದಲ್ಲಿ ಇಂಥದೇ ಪ್ರಸಂಗ ನಡೆಯಿತು. ಅಲ್ಲಿನ ಸರ್ವರು ವಿನಂತಿಯ ವಿವರವನ್ನಿಡಲು ಒಂದೇ ವಸ್ತುವನ್ನು ಕಟ್ಟಿಕೊಂಡು, ಪ್ರತಿ ವಿನಂತಿ ಮುಗಿದಾಗ ಅದನ್ನು ಬರಿದುಮಾಡಿ ಮುಂದಿನದಕ್ಕೆ ಬಳಸುತ್ತಿತ್ತು. ವೇಗಕ್ಕಾಗಿ ಹಿನ್ನೆಲೆಯಲ್ಲಿ ನಡೆಯುವ ಇನ್ನೊಂದು ಎಳೆಯನ್ನು ಸೇರಿಸಿದಾಗ, ಹಿಂದಿನ ವಿನಂತಿಯ ಆ ಎಳೆ ಮುಂದಿನವರ ವಿವರಗಳಿದ್ದ ವಸ್ತುವನ್ನು ಮುಟ್ಟುವ ಸಂದರ್ಭ ಒದಗಿತು. ಅಪರೂಪಕ್ಕೊಮ್ಮೆ ಒಬ್ಬರ ಪ್ರವೇಶದ ಗುರುತು ಇನ್ನೊಬ್ಬರಿಗೆ ಹೋಯಿತು. ಹೀಗಾದದ್ದು ಶೇಕಡ 0.001ಕ್ಕಿಂತ ಕಡಿಮೆ ಎಂದು ಆ ಸಂಸ್ಥೆಯವರೇ ಪ್ರಕಟಿಸಿದರು. ಆದರೂ 2021ರ ಮಾರ್ಚ್ 8ರಂದು ಎಲ್ಲ ಬಳಕೆದಾರರ ಪ್ರವೇಶವನ್ನೂ ರದ್ದುಮಾಡಿ, ಎಲ್ಲರೂ ಮತ್ತೆ ಪ್ರವೇಶಿಸುವಂತೆ ಮಾಡಬೇಕಾಯಿತು.

2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿಯೂ ಕೆಲವರಿಗೆ ಪರರ ಸಂಭಾಷಣೆಗಳ ಶೀರ್ಷಿಕೆಗಳು ಕಂಡವು. ಅಲ್ಲಿ ಹಲವರು ಸರದಿಯಲ್ಲಿ ಬಳಸಲೆಂದು ಉಳಿಸಿಟ್ಟಿದ್ದ ಸಂಪರ್ಕಗಳಲ್ಲಿ, ನಡುವೆ ರದ್ದಾದ ವಿನಂತಿಯ ಉತ್ತರ ಉಳಿದುಕೊಂಡು ಮುಂದಿನವರ ಕೈಗೆ ಹೋಗುತ್ತಿತ್ತು. ಒಂಬತ್ತು ಗಂಟೆಗಳ ಅವಧಿಯಲ್ಲಿ ಬಳಸುತ್ತಿದ್ದ ಹಣ ತೆತ್ತ ಚಂದಾದಾರರಲ್ಲಿ ಶೇಕಡ 1.2ರಷ್ಟು ಮಂದಿಯ ಪಾವತಿಯ ಕೆಲವು ವಿವರಗಳು ಪರರಿಗೆ ಕಂಡಿರಬಹುದೆಂದು ಆ ಸಂಸ್ಥೆ ತಿಳಿಸಿತು. ಈ ಎರಡೂ ಕಡೆ ಇದ್ದವರು ನಮ್ಮಂತೆ ಕಲಿಯುವವರಲ್ಲ, ನುರಿತವರು. ಅವರ ಕೈಯಲ್ಲಿಯೇ ಉಳಿದ ವಸ್ತು ಹೀಗೆ ಜಾರುವುದಾದರೆ ನಾವು ಎಷ್ಟು ಎಚ್ಚರದಿಂದಿರಬೇಕು!

ಹಾಗಾದರೆ ಉಳಿಯಬೇಕಾದದ್ದನ್ನು ಉಳಿಸುವುದು ಹೇಗೆ? ಸ್ಮರಣೆಯಿಲ್ಲದ ವೆಬ್ಬಿಗೆ ಸ್ಮರಣೆ ತಂದುಕೊಡಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರು ಕುಕಿ ಎಂಬ ಉಪಾಯವನ್ನು ಕಂಡುಹಿಡಿದರು. ಜಾತ್ರೆಯಲ್ಲಿ ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟರೆ ಕಾಯುವವನು ಸಂಖ್ಯೆ ಬರೆದ ಚೀಟಿ ಕೊಡುತ್ತಾನಷ್ಟೆ? ಕುಕಿಯಲ್ಲಿ ಬರುವ ಸಂಖ್ಯೆ ಆ ಚೀಟಿ. ಸರ್ವರಿನ ಬಳಿ ಉಳಿದ ನಮ್ಮ ವಿವರ, ಎಂದರೆ ಸೆಷನ್, ಆ ಚಪ್ಪಲಿ. ಕಾಯುವವನಿಗೆ ನಮ್ಮ ಮುಖದ ಗುರುತು ಬೇಕಾಗಿಲ್ಲ. ಚೀಟಿ ಕೊಟ್ಟರೆ ನಮ್ಮದು ನಮಗೆ ಸಿಕ್ಕುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಚೀಟಿ ಇರುವುದರಲ್ಲಿಯೇ ಇದರ ಸೊಗಸು ಅಡಗಿದೆ.

ಆದರೆ ಸೆಷನ್ನಿನಲ್ಲಿ ಆಬ್ಜೆಕ್ಟನ್ನು ಇಡುತ್ತೇವೆಂದಾಗ ಅದು ಜೀವಂತವಾಗಿ ಕುಳಿತಿರುತ್ತದೆಂದು ಭಾವಿಸಬಾರದು. ಪಿಎಚ್‌ಪಿ ಅದರ ವಿವರಗಳನ್ನು ಅಕ್ಷರಗಳ ಸಾಲಾಗಿ ಬರೆದು, ಸಾಮಾನ್ಯವಾಗಿ ಒಂದು ಕಡತದಲ್ಲಿ ಇಡುತ್ತದೆ; ಮುಂದಿನ ವಿನಂತಿಯಲ್ಲಿ ಆ ಬರಹವನ್ನು ಓದಿ ಹೊಸ ವಸ್ತುವನ್ನು ಕಟ್ಟುತ್ತದೆ. ಬೀಜವನ್ನು ಕಟ್ಟಿಟ್ಟು ಮುಂದಿನ ವರ್ಷ ಬಿತ್ತಬಹುದು. ಹರಿಯುವ ನೀರನ್ನು ಗಂಟು ಕಟ್ಟಿಡಲಾಗದು. ಡೇಟಾಬೇಸಿನೊಡನೆ ತೆರೆದಿರುವ ಸಂಪರ್ಕ ಇಂಥ ಹರಿಯುವ ನೀರು. ಅದನ್ನು ಹಿಡಿದಿರುವ ಪಿಡಿಒ ಎಂಬ ವಸ್ತುವನ್ನು ಹೀಗೆ ಬರೆದಿಡಲು ಹೊರಟರೆ ಪಿಎಚ್‌ಪಿ ಒಪ್ಪದೆ ದೋಷವನ್ನು ಸಾರುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಬರಹದಿಂದ ವಸ್ತು ಮತ್ತೆ ಏಳುವಾಗ ಅದು ಸಿಂಗಲ್‌ಟನ್ನಿನ ಒಂದೇ ಬಾಗಿಲಿನಿಂದ ಬರುವುದಿಲ್ಲ. ಬೇರೆ ಕಾವಲು ಇಡದಿದ್ದರೆ ಒಂದೇ ಇರಬೇಕಾದ ವಸ್ತು ಎರಡಾಗಿ ನಿಲ್ಲುತ್ತದೆ. ಉಳಿಸಲು ಹೋದ ಕ್ರಿಯೆಯೇ "ಒಂದೇ" ಎಂಬ ಕಟ್ಟಳೆಯನ್ನು ಮುರಿಯುವುದಾದರೆ, ಆ ಎರಡು ಗುಣಗಳು ಬೇರೆಬೇರೆ ಎಂಬುದಕ್ಕೆ ಇನ್ನಾವ ಸಾಕ್ಷಿ ಬೇಕು?

ಎಷ್ಟು ಕಾಲ ಉಳಿಸಬೇಕೆಂಬುದೂ ಯೋಚಿಸಬೇಕಾದ ವಿಷಯ. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವಳು ನಾನೇ ಮೊದಲು. ತಂದೆಯವರು ಕೂಲಿಯಿಂದ ಸಂಸಾರ ನಡೆಸುವವರು. ವಿದ್ಯಾರ್ಥಿವೇತನವಿಲ್ಲದೆ ನನ್ನ ಓದು ಮುಂದುವರಿಯುವಂತಿರಲಿಲ್ಲ. ಒಂದು ವರ್ಷ ಅರ್ಜಿ ತುಂಬಲು ತಂದೆಯವರೊಡನೆ ಪೇಟೆಯ ಸೈಬರ್ ಅಂಗಡಿಗೆ ಹೋದೆ. ಐದು ಪುಟಗಳಷ್ಟು ವಿವರ ತುಂಬಿಯಾಗಿತ್ತು. ಆರನೆಯ ಪುಟದಲ್ಲಿ ಆದಾಯ ಪ್ರಮಾಣಪತ್ರದ ಸಂಖ್ಯೆ ಬೇಕಾಯಿತು. ಮನೆಗೆ ಫೋನು ಮಾಡಿ, ತಮ್ಮನು ಟ್ರಂಕಿನಿಂದ ಅದನ್ನು ಹುಡುಕಿ ಓದಿ ಹೇಳುವುದರೊಳಗೆ ಸೆಷನ್ ಮುಗಿದುಹೋಗಿ ತುಂಬಿದ್ದೆಲ್ಲ ಮಾಯವಾಗಿತ್ತು. ಮತ್ತೆ ಮೊದಲಿನಿಂದ ತುಂಬಲು ಆ ದಿನ ಸಾಲಲಿಲ್ಲ. ಮರುದಿನವೂ ತಂದೆಯವರ ಕೂಲಿ ಹೋಯಿತು; ಅಂಗಡಿಯವನಿಗೆ ಎರಡು ಸಲ ಹಣ ತೆತ್ತುದಾಯಿತು.

ಸೆಷನ್ ಎಂದೂ ಮುಗಿಯಬಾರದಾಗಿತ್ತೆಂದು ನಾನು ಹೇಳುವುದಿಲ್ಲ. ಹತ್ತು ಜನ ಬಳಸುವ ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಪ್ರವೇಶ ದಿನವಿಡೀ ತೆರೆದಿದ್ದರೆ ಅದು ಇನ್ನೂ ದೊಡ್ಡ ಕೇಡು. ಪಿಎಚ್‌ಪಿಯಲ್ಲಿ ಯಾರೂ ಬದಲಿಸದಿದ್ದರೆ ಸುಮ್ಮನಿರುವ ಸೆಷನ್ನಿನ ಆಯುಷ್ಯ 1440 ಸೆಕೆಂಡು, ಎಂದರೆ 24 ನಿಮಿಷ. ಆಮೇಲೆ ಅದನ್ನು ಕಸವೆಂದು ಗುಡಿಸಿಹಾಕಬಹುದು. ಪ್ರವೇಶದ ಗುರುತಿಗೆ ಅಷ್ಟು ಆಯುಷ್ಯ ಸಾಕು. ತುಂಬಿದ ಅರ್ಜಿಗೆ ಸಾಲದು. ಅರ್ಜಿಯ ಒಂದೊಂದು ಪುಟ ಮುಗಿದಂತೆ ಅದನ್ನು ಡೇಟಾಬೇಸಿನಲ್ಲಿ ನನ್ನ ಹೆಸರಿನಲ್ಲಿ ಬರೆದಿಟ್ಟಿದ್ದರೆ, ಸೆಷನ್ ಸತ್ತರೂ ಅರ್ಜಿ ಬದುಕಿರುತ್ತಿತ್ತು. ಕಟ್ಟಿದವರು ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟರು. ಯಾವ ವಸ್ತು ಎಷ್ಟು ಕಾಲ ಬಾಳಬೇಕೆಂದು ಒಂದು ಗಳಿಗೆ ಯೋಚಿಸದ ಫಲವನ್ನು, ಕಂಪ್ಯೂಟರೆಂದರೇನೆಂದು ಅರಿಯದ ಒಬ್ಬ ಕೂಲಿಕಾರರು ಎರಡು ದಿನದ ದುಡಿಮೆಯಿಂದ ತೆತ್ತರು.

ಈಗ ಗೆಳೆಯರ ಪಕ್ಷಕ್ಕೂ ನ್ಯಾಯ ಸಲ್ಲಿಸಬೇಕು. "ಡೇಟಾಬೇಸಿಗೆ ಸಂಪರ್ಕ ತೆರೆಯುವುದು ಖರ್ಚಿನ ಕೆಲಸ; ಒಂದು ಪುಟ ಸಿದ್ಧವಾಗುವುದರೊಳಗೆ ಹತ್ತು ಕಡೆ ಹತ್ತು ಸಂಪರ್ಕ ತೆರೆಯಬೇಕೆ?" ಎಂಬುದು ಅವರ ಪ್ರಶ್ನೆ. ಬೇಡ, ಒಂದೇ ಸಾಕು. ಓದಲು ಮಾತ್ರ ಬೇಕಾಗಿ, ಯಾರೂ ಬದಲಿಸದ ವಿವರಗಳಿಗೂ ಒಂದೇ ವಸ್ತು ಸಾಕು. ಆದರೆ ಒಂದೇ ಇದ್ದರೆ ಸಾಕೆಂಬುದಕ್ಕೂ, ಪ್ರೋಗ್ರಾಮಿನ ಯಾವ ಮೂಲೆಯಿಂದ ಬೇಕಾದರೂ ಅದನ್ನು ಕೂಗಿ ಕರೆಯಬಹುದೆಂಬುದಕ್ಕೂ ವ್ಯತ್ಯಾಸವುಂಟು. ಸಿಂಗಲ್‌ಟನ್ ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನೂ ಒಳಗೆ ಬಿಡುತ್ತದೆ.

ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಇಲ್ಲಿ ಹಿಂದಿನ ಶ್ಯಾನುಭೋಗರ ನೆನಪಾಗುತ್ತದೆ. ಊರಿಗೊಬ್ಬರೇ ಶ್ಯಾನುಭೋಗರು, ಊರಿನ ಜಮೀನಿನ ಲೆಕ್ಕವೆಲ್ಲ ಅವರ ಕೈಯಲ್ಲಿ. ಒಬ್ಬರೇ ಇದ್ದುದರಿಂದ ಲೆಕ್ಕಕ್ಕೆ ಒಂದು ಏಕತೆ ಇತ್ತೆಂಬುದು ನಿಜ. ಆದರೆ ಯಾವ ಕೆಲಸವೂ ಅವರನ್ನು ಬಿಟ್ಟು ನಡೆಯುವಂತಿರಲಿಲ್ಲ. ಪುಸ್ತಕದಲ್ಲಿ ಏನಿದೆಯೆಂದು ರೈತನಿಗೆ ಸುಲಭವಾಗಿ ತಿಳಿಯುವಂತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಆ ವಂಶಪಾರಂಪರ್ಯದ ಹುದ್ದೆ ಹೋಯಿತು. ಆದರೆ ಲೆಕ್ಕ ಹೋಗಲಿಲ್ಲ. ಮನುಷ್ಯ ಬದಲಾದರೂ ದಾಖಲೆ ಉಳಿಯಬೇಕೆಂಬುದು ಇದರ ಪಾಠ.

ಪ್ರೋಗ್ರಾಮಿನಲ್ಲಿಯೂ ಹಾಗೆಯೇ. ನಮ್ಮ ಪುಸ್ತಕ ಭಂಡಾರದ ಪುಟದಲ್ಲಿ ತಡವಾಗಿ ಬಂದ ಪುಸ್ತಕಕ್ಕೆ ದಂಡ ಲೆಕ್ಕ ಹಾಕುವ ಭಾಗವೊಂದಿದೆ. ಅದು ಒಳಗೊಳಗೇ ಡೇಟಾಬೇಸಿನ ಸಿಂಗಲ್‌ಟನ್ನನ್ನು ಕರೆದರೆ, ಹೊರಗಿನಿಂದ ಓದುವವರಿಗೆ ಆ ಅವಲಂಬನೆ ಕಾಣುವುದೇ ಇಲ್ಲ. ಕೇವಲ ಕೂಡುವ ಗುಣಿಸುವ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಇಡೀ ಡೇಟಾಬೇಸನ್ನು ಎಬ್ಬಿಸಬೇಕಾಗುತ್ತದೆ. ಅದಕ್ಕೆ ಬದಲಾಗಿ, ಪುಟದ ಆರಂಭದಲ್ಲಿ ಸಂಪರ್ಕದ ವಸ್ತುವನ್ನು ಒಮ್ಮೆ ಕಟ್ಟಿ, ಬೇಕಾದವರ ಕೈಗೆ ನಾವೇ ಕೊಟ್ಟರಾಯಿತು. ಆಗಲೂ ವಸ್ತು ಒಂದೇ. ಆದರೆ ಯಾರ ಕೈಯಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ, ಪರೀಕ್ಷೆಗೆ ಬೇರೊಂದನ್ನು ಕೊಡಲೂ ಬರುತ್ತದೆ. ಈ ಕ್ರಮಕ್ಕೆ 2004ರಲ್ಲಿ ಮಾರ್ಟಿನ್ ಫೌಲರ್ ಅವರ ಲೇಖನದಿಂದ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರು ಬಳಕೆಗೆ ಬಂತು. ಹೆಸರು ದೊಡ್ಡದು, ಕೆಲಸ ಕೈಯಿಂದ ಕೈಗೆ ಕೊಡುವಷ್ಟೇ ಸರಳ. ಸಿಂಗಲ್‌ಟನ್ನನ್ನು ಗ್ರಂಥಕ್ಕೆ ಸೇರಿಸಿದ ನಾಲ್ವರಲ್ಲಿ ಒಬ್ಬರಾದ ಗಾಮಾ ಅವರೇ 2009ರ ಸಂದರ್ಶನವೊಂದರಲ್ಲಿ, ಪಟ್ಟಿಯನ್ನು ತಿದ್ದುವುದಾದರೆ ಅದನ್ನು ಕೈಬಿಡುವ ಪಕ್ಷ ತಮ್ಮದೆಂದು ಹೇಳಿದ್ದಾರೆ. ದೊಡ್ಡವರು ಹೇಳಿದರೆಂದು ನಾವು ಒಪ್ಪಬೇಕಾಗಿಲ್ಲ. ಆದರೆ ತಾವೇ ಬೆಳೆಸಿದ್ದನ್ನು ಮರುಪರಿಶೀಲಿಸುವ ಆ ಮನಸ್ಸು ನಮಗೂ ಬೇಕು.

ಕಡೆಯದಾಗಿ ಗೆಳೆಯರಲ್ಲಿ ನನ್ನ ಬಿನ್ನಹ ಇಷ್ಟೆ. "ಇದನ್ನು ಸಿಂಗಲ್‌ಟನ್ ಮಾಡೋಣ" ಎಂದು ಹೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಒಂದೇ ಎಂದರೆ ಯಾರಿಗೆ ಒಂದು: ಒಂದು ವಿನಂತಿಗೋ, ಒಬ್ಬ ಬಳಕೆದಾರನಿಗೋ, ಇಡೀ ಸರ್ವರಿಗೋ? ಎಷ್ಟು ಕಾಲ ಉಳಿಯಬೇಕು: ಉತ್ತರ ಹೋಗುವವರೆಗೋ, ಪ್ರವೇಶ ಮುಗಿಯುವವರೆಗೋ, ವರ್ಷಗಟ್ಟಲೆಯೋ? ಅದನ್ನು ಯಾರು ಬದಲಿಸಬಹುದು? ಈ ಮೂರಕ್ಕೂ ಉತ್ತರ ದೊರೆತರೆ ವಸ್ತುವನ್ನು ಎಲ್ಲಿಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ನಾಳೆ ನಮ್ಮಲ್ಲಿ ಕೆಲವರಾದರೂ ಈ ಕೆಲಸವನ್ನೇ ಹೊಟ್ಟೆಪಾಡಿಗೆ ಹಿಡಿಯಬಹುದು. ಆಗ ನಾವು ಕಟ್ಟುವ ಅರ್ಜಿಯನ್ನು ತುಂಬುವವರು ನಮ್ಮಂಥ ಮನೆಗಳಿಂದಲೇ ಬಂದವರಾಗಿರುತ್ತಾರೆ. ಅವರು ತುಂಬಿದ್ದು ಅಳಿಯದಂತೆ, ಅವರದು ಪರರ ಪಾಲಾಗದಂತೆ ಕಾಯುವುದು ಜಾಣತನದ ಪ್ರಶ್ನೆಗಿಂತ ಹೆಚ್ಚಾಗಿ ಕರ್ತವ್ಯದ ಪ್ರಶ್ನೆ ಎಂದು ನಾನು ನಂಬಿದ್ದೇನೆ. ಇದಕ್ಕೆ ಒಪ್ಪದವರು ತಮ್ಮ ವಾದವನ್ನು ಮುಂದಿಟ್ಟರೆ ಕೇಳಲು ಸಿದ್ಧಳಿದ್ದೇನೆ.